ಮೂರನೆಯ ಧಾತು ಮತ್ತು ನನ್ನ ತಮ್ಮ

ಕೆಲವು ವಾರಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಳು. ಹೆಸರು, ಊರು ಇಲ್ಲಿ ಬೇಡ. ಆಕೆಯ ಪತಿಗೆ ಬೈಪೋಲಾರ್ ಕಾಯಿಲೆ ಇದೆಯೆಂದು ವೈದ್ಯರು ನಿರ್ಧರಿಸಿ ಲಿಥಿಯಂ ಮಾತ್ರೆಯನ್ನು ಆರಂಭಿಸಿದ್ದಾರೆ. ಮನೆಯ ಹಿರಿಯರು ಮಾತ್ರ ಒಪ್ಪುತ್ತಿಲ್ಲ. ಅದು ಮಿದುಳನ್ನು ಮಂಕಾಗಿಸುತ್ತದೆ, ಕ್ರಮೇಣ ತಿಂದೇ ಹಾಕುತ್ತದೆ, ಬ್ಯಾಟರಿಗೆ ಹಾಕುವ ವಸ್ತುವನ್ನು ಯಾರಾದರೂ ಮನುಷ್ಯನಿಗೆ ಕೊಡುತ್ತಾರೆಯೇ ಎಂಬುದು ಅವರ ವಾದ. “ಸಾರ್, ನೀವು ನಮಗೆ ವಿಜ್ಞಾನ ಹೇಳಿಕೊಟ್ಟವರು. ಇದು ನಿಜವೇ?” ಎಂದು ಆಕೆ ಕೇಳಿದ್ದಾಳೆ.

ನಾನು ವೈದ್ಯನಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಕಲಿಸಿ 2017ರಲ್ಲಿ ನಿವೃತ್ತನಾದ ಒಬ್ಬ ಮೇಷ್ಟ್ರು. ಆದರೆ ಈ ಔಷಧಿ ಸುಮಾರು ನಲವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿದೆ. ನನ್ನ ತಮ್ಮ ಅದನ್ನು ಸೇವಿಸುತ್ತಾನೆ. ಬಂಧುಗಳಲ್ಲಿ ಹಲವರಿಗೆ ಇದು ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದಾರೆ. ಬರೆಯಬಹುದೇ ಎಂದು ಅವನನ್ನೇ ಕೇಳಿದೆ. “ಬರಿ ಅಣ್ಣಯ್ಯ. ಇಷ್ಟು ವರ್ಷ ಮುಚ್ಚಿಟ್ಟು ಯಾರಿಗೆ ಏನು ಸಿಕ್ಕಿತು? ಹೆಸರು ಮಾತ್ರ ಹಾಕಬೇಡ, ಮೊಮ್ಮಗಳು ಓದುತ್ತಾಳೆ” ಎಂದ. ಅವನ ಒಪ್ಪಿಗೆ ಪಡೆದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಆ ಧಾತುವಿನ ಪರಿಚಯ. ಆವರ್ತ ಕೋಷ್ಟಕದ ಪಾಠ ಮಾಡುವಾಗ ನಾನು ಕ್ಷಾರಲೋಹಗಳನ್ನು ಒಂದು ಅವಿಭಕ್ತ ಕುಟುಂಬಕ್ಕೆ ಹೋಲಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಲಿಥಿಯಂ ಹಿರಿಯ ಮಗ, ಸೋಡಿಯಂ ಎರಡನೆಯವನು, ಪೊಟ್ಯಾಸಿಯಂ ಮೂರನೆಯವನು. ಹಿರಿಯನ ಪರಮಾಣು ಸಂಖ್ಯೆ 3. ಲೋಹಗಳಲ್ಲೆಲ್ಲ ಇವನೇ ಹಗುರ. ನೀರಿನ ಸಾಂದ್ರತೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಇವನ ಲವಣವನ್ನು ಜ್ವಾಲೆಗೆ ಹಿಡಿದರೆ ಕುಂಕುಮದಂತಹ ಕೆಂಪು ಬಣ್ಣ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ತರುಣ ರಸಾಯನಶಾಸ್ತ್ರಜ್ಞ ಪೆಟಲೈಟ್ ಎಂಬ ಖನಿಜವನ್ನು ವಿಶ್ಲೇಷಿಸುವಾಗ ಇದನ್ನು ಗುರುತಿಸಿದ. ಕಲ್ಲಿನಲ್ಲಿ ದೊರೆತದ್ದರಿಂದ ಗ್ರೀಕ್ ಭಾಷೆಯ ‘ಲಿಥೋಸ್’, ಅಂದರೆ ಕಲ್ಲು, ಎಂಬ ಪದದಿಂದ ಹೆಸರು ಬಂತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಸಂಧಿವಾತದ ಒಂದು ಬಗೆಗೆ ಔಷಧಿಯಾಗಿ ಬಳಸಿದರು. ಯೂರಿಕ್ ಆಮ್ಲವನ್ನು ಕರಗಿಸುತ್ತದೆಂಬ ನಂಬಿಕೆ ಅದಕ್ಕೆ ಕಾರಣ. ಇನ್ನೊಂದು ಸಂಗತಿ ಹೇಳಿದರೆ ನಿಮಗೆ ಸೋಜಿಗವಾದೀತು. ಇಂದು ನಾವು ಅಂಗಡಿಯಲ್ಲಿ ಕಾಣುವ ಸೆವೆನ್ ಅಪ್ ಪಾನೀಯ 1929ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲಿಥಿಯಂ ಸಿಟ್ರೇಟ್ ಇತ್ತು, 1948ರಲ್ಲಿ ತೆಗೆದುಹಾಕಿದರು. ಬ್ಯಾಟರಿಗೆ ಹೋಗುವ ಎಷ್ಟೋ ವರ್ಷಗಳ ಮೊದಲೇ ಅದು ಮನುಷ್ಯನ ಹೊಟ್ಟೆಗೆ ಹೋಗಿತ್ತು ಎಂಬುದನ್ನು ಆ ಮನೆಯ ಹಿರಿಯರಿಗೆ ತಿಳಿಸಬೇಕೆಂದು ಇದನ್ನು ಹೇಳಿದೆ.

ಇನ್ನು ನಮ್ಮ ಮನೆಯ ವಿಚಾರ. 1985ರಲ್ಲಿ ತಮ್ಮನಿಗೆ ಇಪ್ಪತ್ನಾಲ್ಕು ವರ್ಷ. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ. ಮಿತಭಾಷಿ, ಲೆಕ್ಕದಲ್ಲಿ ಕಟ್ಟುನಿಟ್ಟು. ಆ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮಾತು ಹೆಚ್ಚಿತು. ನಾಲ್ಕು ರಾತ್ರಿ ನಿದ್ರೆಯಿಲ್ಲ, ಆಯಾಸವೂ ಇಲ್ಲ. ಜಿಲ್ಲೆಯ ಒಣಭೂಮಿಗೆಲ್ಲ ಕಾವೇರಿ ನೀರು ಹರಿಸುವ ಯೋಜನೆಯೊಂದನ್ನು ಶಾಲೆಯ ನೋಟ್‌ಬುಕ್ಕುಗಳಲ್ಲಿ ಬರೆಯತೊಡಗಿದ. ಹನ್ನೊಂದು ಪುಸ್ತಕಗಳು ತುಂಬಿದವು. ಐದನೆಯ ದಿನ ಪರಿಚಿತರಿಂದೆಲ್ಲ ಸಾಲ ಎತ್ತಿ ಏಳು ಪಂಪ್‌ಸೆಟ್ಟುಗಳಿಗೆ ಮುಂಗಡ ಕೊಟ್ಟು ಬಂದ. ನಮಗಿದ್ದುದು ಒಂದು ಎಕರೆ ಗದ್ದೆ. ತಡೆದ ತಂದೆಯವರ ಮೇಲೆ ಕೈಯೆತ್ತಿದ. ಎರಡು ತಿಂಗಳ ನಂತರ ಅದೇ ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ. ನಾಲ್ಕು ತಿಂಗಳು ಏಳಲಿಲ್ಲ. ಗಾಳಿ ಸೋಕಿದೆಯೆಂದರು, ಮದ್ದಿಟ್ಟಿದ್ದಾರೆಂದರು. ಹರಕೆ, ಯಂತ್ರ, ತಾಯಿತ ಎಲ್ಲವೂ ಆದವು. ಮರುವರ್ಷ ಮತ್ತೆ ಅದೇ ಉನ್ಮಾದ ಬಂದಾಗ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದೆವು. ಅಲ್ಲಿನ ವೈದ್ಯರು ಕಾಯಿಲೆಯ ಹೆಸರು ಹೇಳಿದರು, ಬಿಳಿಯ ಮಾತ್ರೆ ಬರೆದುಕೊಟ್ಟರು, ಮತ್ತು ಒಂದು ಮಾತನ್ನು ಎರಡು ಸಲ ಹೇಳಿದರು: “ರಕ್ತಪರೀಕ್ಷೆ ತಪ್ಪಿಸಬೇಡಿ.”

ಈ ಔಷಧಿ ಮನೋರೋಗ ಚಿಕಿತ್ಸೆಗೆ ಬಂದ ಬಗೆಯೇ ಒಂದು ಕಥೆ. ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ವೈದ್ಯ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿ 1942ರಿಂದ 1945ರವರೆಗೆ ಸಿಂಗಪುರದ ಚಾಂಗಿ ಶಿಬಿರದಲ್ಲಿದ್ದ. ಬಿಡುಗಡೆಯಾದ ಮೇಲೆ ಮೆಲ್ಬರ್ನ್ ಸಮೀಪದ ಬುಂಡೂರಾದ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಉನ್ಮಾದವು ದೇಹದಲ್ಲಿ ಹುಟ್ಟುವ ಯಾವುದೋ ವಿಷದಿಂದ ಬರುತ್ತದೆಂಬುದು ಅವನ ಊಹೆ. ಆ ವಿಷ ಮೂತ್ರದಲ್ಲಿ ಇರಬೇಕೆಂದು ಬಳಕೆಯಲ್ಲಿಲ್ಲದ ಒಂದು ಅಡುಗೆ ಕೋಣೆಯಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿದ. ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದು. ಅದರ ಲಿಥಿಯಂ ಲವಣ ಚೆನ್ನಾಗಿ ಕರಗುತ್ತದೆ. ಆ ಒಂದೇ ಕಾರಣಕ್ಕೆ ಲಿಥಿಯಂ ಅವನ ಕೈಗೆ ಬಂತು. ಚುಚ್ಚುಮದ್ದು ಕೊಟ್ಟ ಗಿನಿಯಿಲಿಗಳು ಶಾಂತವಾದವು. ಅವು ಕೇವಲ ವಿಷಪ್ರಭಾವದಿಂದ ಮಂಕಾಗಿದ್ದಿರಬಹುದೆಂದು ನಂತರದವರು ಹೇಳಿದ್ದಾರೆ. ಊಹೆಯೂ ಸರಿಯಿರಲಿಲ್ಲ, ಪ್ರಯೋಗದ ಅರ್ಥವೂ ಸಂದಿಗ್ಧ. ಫಲ ಮಾತ್ರ ನಿಜವಾಯಿತು. ವಿಜ್ಞಾನದಲ್ಲಿ ಇದೂ ಉಂಟು.

ಕೇಡ್ ಮೊದಲು ತಾನೇ ಆ ಲವಣವನ್ನು ಸೇವಿಸಿ ನೋಡಿದ. ಬಳಿಕ 1948ರ ಮಾರ್ಚ್‌ನಲ್ಲಿ, ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51 ವರ್ಷದ ರೋಗಿಯೊಬ್ಬನಿಗೆ ಕೊಟ್ಟ. ಕೆಲವೇ ವಾರಗಳಲ್ಲಿ ಆತ ಶಾಂತನಾದ, ಜುಲೈ ಹೊತ್ತಿಗೆ ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಹತ್ತು ಮಂದಿ ಉನ್ಮಾದರೋಗಿಗಳ ಅನುಭವವನ್ನು ಒಳಗೊಂಡ ಕೇಡ್‌ನ ಲೇಖನ 1949ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಗುಣವಾದೆನೆಂದು ಆ ಮೊದಲ ರೋಗಿ ಔಷಧಿಯನ್ನು ಬಿಟ್ಟ, ಕಾಯಿಲೆ ಮರಳಿತು. ಮತ್ತೆ ಕೊಟ್ಟರು. 1950ರಲ್ಲಿ ಆತ ಲಿಥಿಯಂ ವಿಷದಿಂದಲೇ ತೀರಿಕೊಂಡ. ಇದೇ ಔಷಧಿಯ ಎರಡು ಮುಖಗಳನ್ನೂ ಒಬ್ಬನೇ ಮನುಷ್ಯ ಕಂಡ. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೃದ್ರೋಗಿಗಳು ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡನ್ನು ಬಳಸಿ ಕೆಲವರು ಸತ್ತಿದ್ದರು. ಹೀಗಾಗಿ ಜಗತ್ತು ಇದನ್ನು ಭಯದಿಂದಲೇ ನೋಡಿತು.

ಆ ಭಯವನ್ನು ನೀಗಿಸಿದ್ದು ಅಳತೆ. ರಕ್ತದಲ್ಲಿರುವ ಲಿಥಿಯಂ ಪ್ರಮಾಣವನ್ನು ಜ್ವಾಲೆಯ ಬಣ್ಣದಿಂದ ಅಳೆಯುವ ಉಪಕರಣ ಬಳಕೆಗೆ ಬಂದಿತು. ಪ್ರಯೋಗಾಲಯದಲ್ಲಿ ನೀವು ಕಂಡ ಕೆಂಪು ಜ್ವಾಲೆಯೇ ಮನುಷ್ಯರ ಪ್ರಾಣ ಕಾಯುವ ಮಾಪಕವಾಯಿತು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಲ್ಲಿ ಕ್ರಮಬದ್ಧ ಪರೀಕ್ಷೆ ನಡೆಸಿ ಇದು ಉನ್ಮಾದಕ್ಕೆ ಔಷಧಿ ಹೌದೆಂದು ತೋರಿಸಿದ. ಮುಂದೆ ಬಾಸ್ಟ್ರುಪ್ ಎಂಬ ಸಹೋದ್ಯೋಗಿಯೊಂದಿಗೆ ಸೇರಿ, ಇದು ಕಾಯಿಲೆ ಮರುಕಳಿಸದಂತೆಯೂ ತಡೆಯುತ್ತದೆಂದು ಸಾಧಿಸಿದ. ಶೌನ ಸ್ವಂತ ತಮ್ಮನೂ ಮರುಕಳಿಸುವ ಖಿನ್ನತೆಯಿಂದ ನರಳಿ, ಲಿಥಿಯಂನಿಂದ ಚೇತರಿಸಿಕೊಂಡವನು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅಮೆರಿಕ ಸರ್ಕಾರ 1970ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು.

ಈಗ ಮುಖ್ಯ ಪ್ರಶ್ನೆ: ಇದು ಮಿದುಳಿನಲ್ಲಿ ಏನು ಮಾಡುತ್ತದೆ?

ಲಿಥಿಯಂ ಅಯಾನಿನ ಗಾತ್ರ ಮೆಗ್ನೀಸಿಯಂ ಅಯಾನಿನ ಗಾತ್ರಕ್ಕೆ ಬಹು ಸಮೀಪ. ನಮ್ಮ ಜೀವಕೋಶಗಳಲ್ಲಿ ಎಷ್ಟೋ ಕಿಣ್ವಗಳು ಮೆಗ್ನೀಸಿಯಂ ಜೊತೆಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಲಿಥಿಯಂ ಹೋಗಿ ಆ ಜಾಗದಲ್ಲಿ ಕುಳಿತರೆ ಕಿಣ್ವದ ವೇಗ ತಗ್ಗುತ್ತದೆ. ಬೇರೆಯವನ ಕಾಯ್ದಿಟ್ಟ ಸೀಟಿನಲ್ಲಿ ಕುಳಿತು, ಬಸ್ಸು ಹೊರಡುವುದನ್ನು ತಡಮಾಡುವ ಪ್ರಯಾಣಿಕನಂತೆ. ಹೀಗೆ ತಗ್ಗುವ ಕಿಣ್ವಗಳಲ್ಲಿ ಎರಡು ಮುಖ್ಯ. ಒಂದು, ಇನೋಸಿಟಾಲ್ ಎಂಬ ವಸ್ತುವನ್ನು ಮರುಬಳಕೆಗೆ ಸಿದ್ಧಗೊಳಿಸುವ ಕಿಣ್ವ. ನರಕೋಶದ ಹೊರಗೆ ಬಂದ ಸಂದೇಶವನ್ನು ಒಳಕ್ಕೆ ಮುಟ್ಟಿಸುವ ವ್ಯವಸ್ಥೆಗೆ ಇನೋಸಿಟಾಲ್ ಬೇಕು. ಅದರ ಪೂರೈಕೆ ತಗ್ಗಿದರೆ ಅತಿಯಾಗಿ ಕೂಗಾಡುತ್ತಿರುವ ಕೋಶಗಳ ದನಿ ಮೊದಲು ತಗ್ಗುತ್ತದೆ ಎಂಬ ವಾದವನ್ನು ಬೆರಿಡ್ಜ್ ಎಂಬ ವಿಜ್ಞಾನಿ ಮುಂದಿಟ್ಟ. ಎರಡನೆಯದು ಜಿ.ಎಸ್.ಕೆ.-3 ಎಂಬ ಕಿಣ್ವ. ಲಿಥಿಯಂ ಇದನ್ನು ತಡೆಯುತ್ತದೆಂದು 1996ರಲ್ಲಿ ಕ್ಲೈನ್ ಮತ್ತು ಮೆಲ್ಟನ್ ತೋರಿಸಿದರು. ಕೋಶದ ಬೆಳವಣಿಗೆ, ಉಳಿವು, ಅಳಿವು, ದೈನಿಕ ಗಡಿಯಾರ ಇವೆಲ್ಲದರಲ್ಲೂ ಇದರ ಕೈಯಿದೆ. ಇದನ್ನು ಹಿಡಿತದಲ್ಲಿಟ್ಟಾಗ ನರಕೋಶಗಳನ್ನು ಪೋಷಿಸುವ ಪ್ರೋಟೀನುಗಳು ಹೆಚ್ಚುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಇವುಗಳಲ್ಲಿ ಯಾವುದು ಮುಖ್ಯ ಕಾರಣ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಮಿದುಳನ್ನು ತಿನ್ನುತ್ತದೆಯೇ ಎಂಬ ಪ್ರಶ್ನೆಗೆ ಎಂ.ಆರ್.ಐ. ಚಿತ್ರಗಳು ಉತ್ತರಿಸುತ್ತವೆ. 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ನಾಲ್ಕು ವಾರ ಲಿಥಿಯಂ ಪಡೆದ ಹತ್ತು ರೋಗಿಗಳ ಪೈಕಿ ಎಂಟು ಮಂದಿಯಲ್ಲಿ ಬೂದು ದ್ರವ್ಯದ ಪ್ರಮಾಣ ಹೆಚ್ಚಿತ್ತು; ಸರಾಸರಿ ಹೆಚ್ಚಳ ಸುಮಾರು ಶೇಕಡ 3. ಹತ್ತು ಜನರಿಂದ ಸಿದ್ಧಾಂತ ಮಾಡಲಾಗದು. ಆದರೆ 2018ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಸುಮಾರು 6,500 ಮಂದಿಯ ಮಿದುಳಿನ ಚಿತ್ರಗಳನ್ನು ಹೋಲಿಸಿದರು. ಅವರಲ್ಲಿ 2,400ಕ್ಕೂ ಹೆಚ್ಚು ಮಂದಿ ಬೈಪೋಲಾರ್ ಕಾಯಿಲೆಯವರು. ಕಾಯಿಲೆಯಿರುವವರ ಮಿದುಳಿನ ಹೊರಪದರ ಮುಂಭಾಗದಲ್ಲಿಯೂ ಪಕ್ಕದ ಭಾಗಗಳಲ್ಲಿಯೂ ತುಸು ತೆಳುವಾಗಿತ್ತು. ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ತೆಳುವಾಗುವಿಕೆ ಕಡಿಮೆ. ಅಂದರೆ ಸವೆತದ ಗುರುತು ಕಾಯಿಲೆಯ ಕಡೆಗಿದೆ, ಔಷಧಿಯ ಕಡೆಗಲ್ಲ. ಹಾಗೆಂದು ಮಿದುಳು ಮತ್ತೆ ಬೆಳೆಯಿತೆಂದು ಕುಣಿಯುವಂತೆಯೂ ಇಲ್ಲ. ಲಿಥಿಯಂ ಎಂ.ಆರ್.ಐ. ಸಂಕೇತವನ್ನೇ ತುಸು ಬದಲಿಸಿ ಹೀಗೆ ಕಾಣಿಸಬಹುದೆಂಬ ಆಕ್ಷೇಪವಿದೆ. ಲಿಥಿಯಂ ಸಹಿಸಬಲ್ಲವರು ಮೊದಲೇ ಹೆಚ್ಚು ಆರೋಗ್ಯವಂತರಿರಬಹುದು ಎಂಬ ಇನ್ನೊಂದು ಮಾತೂ ಇದೆ.

ಆತ್ಮಹತ್ಯೆಯ ವಿಷಯವನ್ನೂ ಮರೆಮಾಚದೆ ಹೇಳಬೇಕು, ಏಕೆಂದರೆ ಈ ಕಾಯಿಲೆಯ ದೊಡ್ಡ ಅಪಾಯ ಅದೇ. 2013ರಲ್ಲಿ ಹಲವಾರು ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಿಥಿಯಂ ಪಡೆದವರಲ್ಲಿ ಆತ್ಮಹತ್ಯೆಗಳು ಕಡಿಮೆಯಿದ್ದವು. ಅಮೆರಿಕದ ಮಾಜಿ ಸೈನಿಕರ ನಡುವೆ ನಡೆದು 2021ರಲ್ಲಿ ಪ್ರಕಟವಾದ 519 ಮಂದಿಯ ಪರೀಕ್ಷೆಯಲ್ಲಿ ಆ ಲಾಭ ಕಾಣಲಿಲ್ಲ. ಎರಡನ್ನೂ ಹೇಳುವುದು ನ್ಯಾಯ.

“ಮಂಕು” ಎಂಬ ದೂರಿನಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಕೆಲವರಿಗೆ ಆಲೋಚನೆ ತುಸು ನಿಧಾನವಾದಂತೆ, ಹುರುಪು ಇಳಿದಂತೆ ಅನ್ನಿಸುತ್ತದೆ. ಇದು ನನ್ನ ತಮ್ಮನಿಗೂ ಅನ್ನಿಸಿತ್ತು. ನಾಲ್ಕು ವರ್ಷ ಚೆನ್ನಾಗಿದ್ದ ಮೇಲೆ, 1991ರಲ್ಲಿ, ಹಿತೈಷಿಯೊಬ್ಬರು “ಇನ್ನೆಷ್ಟು ವರ್ಷ ಅದನ್ನು ನುಂಗುತ್ತೀಯೋ” ಎಂದರಂತೆ. ಇವನು ಯಾರಿಗೂ ಹೇಳದೆ ಬಿಟ್ಟ. ಎರಡೇ ತಿಂಗಳಿಗೆ ರಾತ್ರಿ ದೀಪ ಉರಿಯತೊಡಗಿತು. ಹನ್ನೆರಡನೆಯ ನೋಟ್‌ಬುಕ್ ಹೊರಬಂತು. ಆಗ ಅವನಿಗೆ ಮದುವೆಯಾಗಿ ಆರು ತಿಂಗಳ ಮಗುವಿತ್ತು. ನಮ್ಮ ನಾದಿನಿ ಆ ಮಗುವನ್ನೆತ್ತಿಕೊಂಡು ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಯ ಬಾಗಿಲು ತಟ್ಟಿದಳು. ಒಂದು ಮಾತೂ ಆಡಲಿಲ್ಲ, ಖಾಲಿಯಾಗದ ಮಾತ್ರೆಯ ಡಬ್ಬಿಯನ್ನು ನನ್ನ ಕೈಗಿತ್ತಳು. ಆ ಸಲ ಆಸ್ಪತ್ರೆಯಿಂದ ಹೊರಬಂದ ಮೇಲೆ ಇಂದಿನವರೆಗೆ ಅವನು ಒಂದು ದಿನವೂ ತಪ್ಪಿಸಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳುತ್ತೇನೆ. ಕೈ ಸಣ್ಣಗೆ ನಡುಗುತ್ತದೆ. ಮದುವೆಮನೆಗಳಲ್ಲಿ ಪಂಕ್ತಿಗೆ ಸಾರು ಬಡಿಸುವುದರಲ್ಲಿ ಎತ್ತಿದ ಕೈಯೆನಿಸಿದ್ದವನು ಈಗ ಹಪ್ಪಳ ಮಾತ್ರ ಬಡಿಸುತ್ತಾನೆ. ಆ ನಡುಕವನ್ನು ಕಂಡು “ಸಂಜೆ ಹೊತ್ತು ಏರಿಸುತ್ತಾನೇನೋ” ಎಂದು ನಮ್ಮವರೇ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಅವನು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಸದಾ ಬಾಯಾರಿಕೆ, ಕೈಯಲ್ಲಿ ನೀರಿನ ಬಾಟಲಿ. ಥೈರಾಯ್ಡ್ ಗ್ರಂಥಿ ನಿಧಾನವಾಗಿ ಅದಕ್ಕೂ ಒಂದು ಮಾತ್ರೆ ಸೇರಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಮೂತ್ರಪಿಂಡ. ಲಿಥಿಯಂ ದೇಹದಿಂದ ಹೊರಹೋಗುವುದು ಅದರ ಮೂಲಕವೇ. ಮೂತ್ರಪಿಂಡವು ಲಿಥಿಯಂ ಅನ್ನು ಅವನ ತಮ್ಮ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕೆನ್ನುತ್ತಾರೆ, 1.5 ದಾಟಿದರೆ ವಿಷ. ಎಷ್ಟು ಕಿರಿದಾದ ಗದ್ದೆಯ ಬದು ನೋಡಿ! ಆದ್ದರಿಂದಲೇ ವಾಂತಿಭೇದಿಯಾದಾಗ, ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ನೀರೂ ಮುಟ್ಟದ ಏಕಾದಶಿ ಉಪವಾಸದಲ್ಲಿ ಇವರಿಗೆ ಅಪಾಯ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳೂ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು, ವಾಂತಿ ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

2025ರ ಆರಂಭದ ಪರೀಕ್ಷೆಯಲ್ಲಿ ತಮ್ಮನ ಕ್ರಿಯಾಟಿನಿನ್ ಏರಿರುವುದು ತಿಳಿಯಿತು. ಮೂತ್ರಪಿಂಡದ ಶಕ್ತಿ ಕುಂದುತ್ತಿತ್ತು. ವೈದ್ಯರು ಎರಡು ದಾರಿಗಳನ್ನು ಮುಂದಿಟ್ಟರು. ಲಿಥಿಯಂ ಅನ್ನು ನಿಧಾನವಾಗಿ ನಿಲ್ಲಿಸಿ ಬೇರೆ ಔಷಧಿಗೆ ಹೋಗುವುದು. ಅಥವಾ ಪ್ರಮಾಣವನ್ನು ತಗ್ಗಿಸಿ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಮುಂದುವರಿಯುವುದು. ನಿಲ್ಲಿಸಿದರೆ ಮನಸ್ಸಿಗೆ ಅಪಾಯ, ಮುಂದುವರಿಸಿದರೆ ಮೂತ್ರಪಿಂಡಕ್ಕೆ ಅಪಾಯ. ಮಕ್ಕಳು ಬೇರೆ ಔಷಧಿಯೇ ಇರಲಿ ಎಂದರು. ನಾದಿನಿ ಮಾತಾಡಲಿಲ್ಲ; ಅವಳ ಮುಖದಲ್ಲಿ 1991ರ ರಾತ್ರಿ ಕಾಣುತ್ತಿತ್ತು. ತಮ್ಮ ಎಲ್ಲರ ಮಾತನ್ನೂ ಕೇಳಿ, ಗುಮಾಸ್ತನಂತೆ ಒಂದು ಹಾಳೆಯಲ್ಲಿ ಎರಡು ಕಲಮು ಎಳೆದು ಲಾಭನಷ್ಟ ಬರೆದು, “ಕಿಡ್ನಿ ಕೆಟ್ಟರೆ ನನಗೆ ಗೊತ್ತಾಗುತ್ತದೆ, ಚಿಕಿತ್ಸೆ ಪಡೆಯುತ್ತೇನೆ. ತಲೆ ಕೆಟ್ಟರೆ ನನಗೊಬ್ಬನಿಗೇ ಗೊತ್ತಾಗುವುದಿಲ್ಲ. ಕಡಿಮೆ ಮಾಡಿ ನೋಡೋಣ” ಎಂದ. ಈಗ ಮೂರರ ಬದಲು ಎರಡು ಮಾತ್ರೆ. ರಕ್ತದ ಮಟ್ಟ 0.5ರ ಆಸುಪಾಸು. ಕ್ರಿಯಾಟಿನಿನ್ ಸದ್ಯ ನಿಂತಲ್ಲೇ ನಿಂತಿದೆ. ಮುಂದೆ ದಾರಿ ಬದಲಿಸಬೇಕಾಗಬಹುದು. ಅದಕ್ಕೂ ಅವನು ಸಿದ್ಧನಿದ್ದಾನೆ.

ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಕಲ್ಲುಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇರುವುದಾಗಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ ಸುದ್ದಿ 2021ರಲ್ಲಿ ಬಂದಾಗ ಊರವರೆಲ್ಲ ಬ್ಯಾಟರಿ, ಕಾರು ಎಂದು ಮಾತಾಡಿದರು. ತಮ್ಮ ಮಾತ್ರ “ಅವರು ಈಗ ಹುಡುಕುತ್ತಿದ್ದಾರೆ, ನಾನು ಮೂವತ್ತೈದು ವರ್ಷದಿಂದ ಬಳಸುತ್ತಿದ್ದೇನೆ” ಎಂದು ನಕ್ಕ. 2025ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಾರ್ವರ್ಡ್ ಸಂಶೋಧಕರ ಲೇಖನವೊಂದು ಬಂತು. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನ ಆರಂಭದಲ್ಲಿರುವವರ ಮಿದುಳಿನ ಮುಂಭಾಗದಲ್ಲಿ ಸಹಜವಾಗಿರುವ ಅತ್ಯಲ್ಪ ಲಿಥಿಯಂ ಇನ್ನೂ ಕಡಿಮೆಯಾಗಿರುತ್ತದೆಂದೂ, ಇಲಿಗಳಿಗೆ ಲಿಥಿಯಂನ ಒಂದು ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ನೆನಪಿನ ಶಕ್ತಿ ಸುಧಾರಿಸಿತೆಂದೂ ಅದರಲ್ಲಿದೆ. ಅದು ಇಲಿಗಳ ಮಾತು. ನನ್ನ ವಯಸ್ಸಿನ ಬಂಧುಗಳು ಯಾರೂ ಇದನ್ನು ಓದಿ ಅಂತರ್ಜಾಲದಲ್ಲಿ ತರಿಸಿಕೊಂಡು ನುಂಗಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಕೊನೆಯದಾಗಿ ನನ್ನ ವಿದ್ಯಾರ್ಥಿನಿಗೆ. ಅಮ್ಮಾ, ಈ ಔಷಧಿ ಮಿದುಳನ್ನು ತಿನ್ನುತ್ತದೆಂಬುದಕ್ಕೆ ಆಧಾರವಿಲ್ಲ. ಸರಿಯಾದ ಮಟ್ಟದಲ್ಲಿದ್ದರೆ ಕಾಯಿಲೆಯ ಸವೆತದಿಂದ ಕಾಪಾಡಬಹುದೆಂಬುದಕ್ಕೆ ಒಂದಿಷ್ಟು ಆಧಾರವಿದೆ. ಆದರೆ ವಿಷದ ಮಟ್ಟಕ್ಕೇರಿದರೆ ಅದೇ ಔಷಧಿ ನರಮಂಡಲಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಹಾಗಾಗಿ ಅಳತೆಯನ್ನು ಬಿಡಬೇಡ. ರಾತ್ರಿಯ ಮಾತ್ರೆಯಾದ ಹನ್ನೆರಡು ಗಂಟೆಗೆ ರಕ್ತ ಕೊಡಬೇಕು. ಆರು ತಿಂಗಳಿಗೊಮ್ಮೆಯಾದರೂ ಥೈರಾಯ್ಡ್, ಮೂತ್ರಪಿಂಡ, ಕ್ಯಾಲ್ಸಿಯಂ ಪರೀಕ್ಷೆ ಆಗಬೇಕು. ಊಟದ ಉಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸುವುದೂ ಬೇಡ, ತಗ್ಗಿಸುವುದೂ ಬೇಡ. ನಿಲ್ಲಿಸಬೇಕೆನಿಸಿದರೆ ನಿನ್ನ ಪತಿಯೇ ವೈದ್ಯರ ಎದುರು ಕುಳಿತು ಹೇಳಲಿ. ನಿಧಾನವಾಗಿ ಇಳಿಸುವ ಕ್ರಮವುಂಟು, ಬೇರೆ ಔಷಧಿಗಳೂ ಉಂಟು. ವೈದ್ಯರು ದೂರವಿದ್ದು ರಾತ್ರಿ ಹೊತ್ತು ದಿಕ್ಕು ತೋಚದಾದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆಮಾಡು. 2022ರಿಂದ ಸರ್ಕಾರ ಇದನ್ನು ಉಚಿತವಾಗಿ ನಡೆಸುತ್ತಿದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಮನೆಯ ಹಿರಿಯರಿಗೆ ಈ ಬರಹವನ್ನು ಓದಿ ಹೇಳು. ಅವರಿಗೆ ಇನ್ನೂ ಸಂದೇಹವಿದ್ದರೆ ಒಂದು ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ತಮ್ಮ ಇಲ್ಲೇ ಪಕ್ಕದ ಬೀದಿಯಲ್ಲಿದ್ದಾನೆ. ಅವನೂ ಬರುತ್ತಾನೆ, ಅವರು ಕೇಳಬೇಕಾದುದನ್ನು ಅವನನ್ನೇ ಕೇಳಲಿ.